ಲೇಡಿ ಮೇರಿಯ ತುರ್ಕಿ ಪತ್ರಗಳಲ್ಲಿ ಸಂಸಾರಚಿತ್ರ

ಕ್ರಿ.ಶ. 1763ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯುವಿನ ಪತ್ರಸಂಗ್ರಹವು ಆಂಗ್ಲ ಪ್ರವಾಸಸಾಹಿತ್ಯದಲ್ಲಿ ಸುಪ್ರಸಿದ್ಧವಾದುದು. ಆಯ್ದ ಗದ್ಯಭಾಗಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸೋಫಿಯಾ ನಗರದ ಸ್ತ್ರೀಯರ ಸ್ನಾನಗೃಹವನ್ನು ವರ್ಣಿಸುವ ಪತ್ರ. ವರ್ಣನಾಸೌಷ್ಠವದಲ್ಲಿ ಅದು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಗ್ರಂಥದ ಸತ್ತ್ವವನ್ನು ಆ ಒಂದು ಪತ್ರದಿಂದ ಅಳೆಯುವುದು ಯುಕ್ತವಲ್ಲ. ಪರದೇಶದಲ್ಲಿ ಸಂಸಾರ ಹೂಡಿ, ಮಕ್ಕಳನ್ನು ಸಾಕಿ, ಆಳುಕಾಳುಗಳೊಡನೆ ದಿನ ಕಳೆದವಳಿಗೆ ಮಾತ್ರ ದೊರೆಯುವ ತಿಳಿವಳಿಕೆಯೇ ಇದರ ಮೂಲಧನವೆಂದು ನಮ್ಮ ಅಭಿಪ್ರಾಯ.

ಪತಿಯು ಸುಲ್ತಾನನ ಆಸ್ಥಾನಕ್ಕೆ ರಾಯಭಾರಿಯಾಗಿ ನೇಮಕಗೊಂಡುದರಿಂದ, ಮೂರು ವರ್ಷದ ಮಗನನ್ನು ಕರೆದುಕೊಂಡು ಈಕೆ 1716ರ ಆಗಸ್ಟಿನಲ್ಲಿ ಹೊರಟಳು. ಹಾಲೆಂಡ್, ವಿಯೆನ್ನಾಗಳನ್ನು ದಾಟಿ, 1717ರ ಚಳಿಗಾಲದಲ್ಲಿ ಹಂಗೆರಿಯ ಹಿಮದ ಮೇಲೆ ಸಾಗಿ, ಏಡ್ರಿಯನೋಪಲ್ ಮಾರ್ಗವಾಗಿ ಕಾನ್‌ಸ್ಟಾಂಟಿನೋಪಲನ್ನು ಸೇರಿದಳು. 1718ರ ಜನವರಿಯಲ್ಲಿ ಅಲ್ಲಿಯೇ ಮಗಳು ಹುಟ್ಟಿದಳು. ಅದೇ ವರ್ಷದ ಜುಲೈನಲ್ಲಿ ಕುಟುಂಬವು ಸ್ವದೇಶಕ್ಕೆ ಮರಳಿ ಹೊರಟಿತು.

ಈಕೆಗಿಂತ ಹಿಂದಿನ ಪ್ರವಾಸಿಗಳಾದ ಪುರುಷರು ತುರ್ಕಿಯ ಅಂತಃಪುರಗಳನ್ನು ಕುರಿತು ಬಹಳ ಬರೆದಿದ್ದರು. ಅವುಗಳ ಹೊಸ್ತಿಲನ್ನು ದಾಟುವ ಅವಕಾಶ ಮಾತ್ರ ಅವರಿಗಿರಲಿಲ್ಲ. ಲೇಡಿ ಮೇರಿಯು ಅತಿಥಿಯಾಗಿ ಒಳಹೊಕ್ಕು, ಅವರ ಮಾತುಗಳನ್ನು ಹೆಸರು ಹಿಡಿದೇ ಖಂಡಿಸಿದಳು. ಸಿರಿವಂತ ಸ್ತ್ರೀಯರಿಗೆ ತಮ್ಮ ಧನದ ಮೇಲೆ ತಮ್ಮದೇ ಅಧಿಕಾರವಿದ್ದುದನ್ನೂ, ಮುಸುಕು ಅವರಿಗೆ ಗುರುತು ಸಿಕ್ಕದೆ ತಿರುಗಾಡುವ ಸ್ವಾತಂತ್ರ್ಯವನ್ನಿತ್ತುದನ್ನೂ ಗಮನಿಸಿದಳು. ಅಲ್ಲಿ ಬಂಜೆತನಕ್ಕಿದ್ದ ಅವಮಾನವನ್ನು ತಾನೇ ಗರ್ಭಿಣಿಯಾಗಿದ್ದಾಗ ವಿನೋದವಾಗಿ ಬರೆದಳು. ಪೇರಾದಲ್ಲಿದ್ದ ತನ್ನ ಮನೆಯನ್ನು ಬೇಬೆಲ್ಲಿನ ಗೋಪುರಕ್ಕೆ ಹೋಲಿಸಿದಳು: ಕುದುರೆಯಾಳುಗಳು ಅರಬರು, ದಾದಿ ಆರ್ಮೀನಿಯದವಳು, ಮನೆಗೆಲಸದ ಹೆಂಗಸರು ರಷ್ಯದವರು, ಮೇಲ್ವಿಚಾರಕನು ಇಟಲಿಯವನು, ಕಾವಲುಗಾರರು ತುರ್ಕರು. ಈ ನುಡಿಗಳ ಗದ್ದಲದಲ್ಲಿ ತನ್ನ ಆಂಗ್ಲಭಾಷೆಯೇ ಮರೆತುಹೋದೀತೆಂಬ ಆಕೆಯ ಅಳಲಿನಲ್ಲಿ ಹಾಸ್ಯವಿದೆ. ದೂರದೇಶದಲ್ಲಿ ಮನೆ ಮಾಡಿದವರೆಲ್ಲರೂ ಬಲ್ಲ ಒಂದು ಸತ್ಯವೂ ಇದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಈ 52 ಪತ್ರಗಳು ಅಂಚೆಯಲ್ಲಿ ಹೋದಂತೆಯೇ ಉಳಿದು ಬಂದವಲ್ಲ. ಲೇಖಕಿಯು ತನ್ನ ಕಾಗದಪತ್ರಗಳಿಂದ ಆರಿಸಿ, ತಿದ್ದಿ, ಜೋಡಿಸಿ ಸಿದ್ಧಪಡಿಸಿದ ಗ್ರಂಥವಿದು. 1724ರಲ್ಲಿ ಮೇರಿ ಆಸ್ಟೆಲ್ ಇದರ ಹಸ್ತಪ್ರತಿಯನ್ನು ಓದಿ ಮುನ್ನುಡಿ ಬರೆದಳು. ಮುದ್ರಣವಾದುದು ಲೇಖಕಿಯು 1762ರಲ್ಲಿ ತೀರಿಕೊಂಡ ಮೇಲೆ. ಆದುದರಿಂದ ಗ್ರಂಥದಲ್ಲಿ ಏನಿದೆಯೆಂಬುದರ ಜೊತೆಗೆ ಏನಿಲ್ಲವೆಂಬುದನ್ನೂ ವಿಮರ್ಶಕನು ವಿಚಾರಿಸಬೇಕು.

ಸಿಡುಬಿನ ವಿಷಯವೇ ಇದಕ್ಕೆ ಉತ್ತಮ ನಿದರ್ಶನ. ಆಕೆಯ ಸೋದರನು 1713ರಲ್ಲಿ ಆ ರೋಗದಿಂದ ಸತ್ತಿದ್ದನು. 1715ರಲ್ಲಿ ಆಕೆಗೂ ತಗಲಿ ಮುಖದ ಚೆಲುವು ಕೆಟ್ಟು ರೆಪ್ಪೆಗೂದಲುಗಳು ಉದುರಿಹೋಗಿದ್ದವು. ಸಿಡುಬಿನ ಕೀವನ್ನು ಸೂಜಿಯಿಂದ ಮೈಗೆ ಸೇರಿಸಿ ರೋಗವನ್ನು ಸೌಮ್ಯವಾಗಿ ಬರಿಸುವ ಅಲ್ಲಿನ ಮುದುಕಿಯರ ಕ್ರಮವನ್ನು, 1717ರ ಏಪ್ರಿಲ್ 1ರ ತಾರೀಖಿನ ಪತ್ರದಲ್ಲಿ ಗೆಳತಿ ಸಾರಾ ಚಿಸ್ವೆಲ್ಲಳಿಗೆ ವಿವರಿಸಿ, ಮಗನಿಗೂ ಮಾಡಿಸುವೆನೆಂದು ಹೇಳಿದ್ದಾಳೆ. 1718ರ ಮಾರ್ಚಿಯಲ್ಲಿ ಅದು ನಡೆಯಿತು. ಆದರೆ ನಡೆದ ಬಗೆಯನ್ನು ಹೇಳುವ ಪತ್ರವು ಸಂಗ್ರಹದಲ್ಲಿಲ್ಲ. ಅದನ್ನು ತಿಳಿಯಲು ಬೇರೆಡೆಯಲ್ಲಿದ್ದ ಪತಿಗೆ ಆಕೆ ಬರೆದ ಚಿಕ್ಕ ಕಾಗದವನ್ನು ನೋಡಬೇಕು. ಹುಡುಗನು ಹಾಡಿಕೊಂಡು, ಆಡಿಕೊಂಡು, ರಾತ್ರಿಯ ಊಟಕ್ಕೆ ಆತುರಪಡುತ್ತಿದ್ದಾನೆ. ದಾದಿಗೆ ಸಿಡುಬು ಬಂದಿಲ್ಲವಾದುದರಿಂದ ಹೆಣ್ಣುಮಗುವಿಗೆ ಮಾಡಿಸಲಾಗದು. ಅದರ ವಾರ್ತೆ ಇಷ್ಟೆ.

ಈ ಎರಡು ಬರೆಹಗಳ ಅಂತರವು ವಿಚಾರಾರ್ಹವಾದುದು. ಗ್ರಂಥದ ಪತ್ರದಲ್ಲಿ ವಾದಚಾತುರ್ಯವಿದೆ, ವೈದ್ಯರ ಲೋಭದ ಮೇಲೆ ಕಟಕಿಯಿದೆ. ಕಾಗದದಲ್ಲಿ ಅಲಂಕಾರವಿಲ್ಲ, ತಾಯಿಯ ನಿಟ್ಟುಸಿರು ಮಾತ್ರ ಕೇಳಿಬರುತ್ತದೆ. ಗ್ರಂಥದಲ್ಲಿ ಆಳುಗಳು ಬಗೆಬಗೆಯ ಭಾಷೆಗಳ ನೋಟವಾಗಿ ನಿಂತರೆ, ಕಾಗದದಲ್ಲಿ ಒಬ್ಬ ದಾದಿಯ ಮೈಸ್ಥಿತಿಯು ಮಗುವಿನ ಗತಿಯನ್ನೇ ನಿರ್ಣಯಿಸುತ್ತದೆ. ಆ ಮಗಳಿಗೆ ಸಿಡುಬು ಹಾಕಿಸಿದುದು 1721ರಲ್ಲಿ, ಲಂಡನ್ನಿನಲ್ಲಿ. ಸಾರಾ ಚಿಸ್ವೆಲ್ಲಳಾದರೋ 1726ರಲ್ಲಿ ಅದೇ ರೋಗಕ್ಕೆ ತುತ್ತಾದಳು.

ಗ್ರಂಥದಲ್ಲಿ ದೋಷಗಳಿಲ್ಲವೆನ್ನಲಾಗದು. ಆಕೆ ಕಂಡುದು ಬಹುಮಟ್ಟಿಗೆ ಸಿರಿವಂತರ ಮನೆಗಳನ್ನು. ತುರ್ಕಿಯ ಗುಲಾಮಗಿರಿಯನ್ನು ಇತರ ದೇಶಗಳ ಊಳಿಗಕ್ಕಿಂತ ಕೆಟ್ಟದಲ್ಲವೆಂದು ಹಗುರವಾಗಿ ಸಮರ್ಥಿಸುವಾಗ, ಒಡತಿಯ ಕಣ್ಣೇ ಹೊರತು ಸೇವಕಿಯ ಕಣ್ಣು ಅಲ್ಲಿ ಕೆಲಸಮಾಡುವುದಿಲ್ಲ. ದಾದಿಯ ವಿಷಯವಾದ ಆ ಒಂದು ವಾಕ್ಯವು ಗ್ರಂಥದ ಹೊರಗುಳಿದುದೂ ಇದಕ್ಕೆ ಹೊಂದಿಕೆಯಾಗಿಯೇ ಇದೆ.

ಪ್ರವಾಸಗ್ರಂಥಗಳನ್ನು ಬೋಧಿಸುವವರು ನದೀಪರ್ವತಗಳ ಮತ್ತು ಅರಮನೆಗಳ ವರ್ಣನೆಯೊಡನೆ, ಗ್ರಂಥಕರ್ತನ ಮನೆಯಲ್ಲಿ ಒಲೆ ಹೊತ್ತಿಸಿದವರಾರು, ಮಗುವನ್ನೆತ್ತಿಕೊಂಡವರಾರು ಎಂಬುದನ್ನೂ ಕೇಳುವುದು ಉಚಿತ. ಲೇಡಿ ಮೇರಿಯ ಸಂಗ್ರಹದ ಪಕ್ಕದಲ್ಲಿ ಆ ಚಿಕ್ಕ ಕಾಗದವನ್ನಿಟ್ಟು ಓದಿದಲ್ಲಿ, ಆಕೆಯ ಕೀರ್ತಿಗೆ ಕುಂದು ಬಾರದು. ಆ ಕೀರ್ತಿಯ ಬೇರು ಎಲ್ಲಿದೆಯೆಂಬುದು ಮಾತ್ರ ವಿದ್ಯಾರ್ಥಿಗಳಿಗೆ ಸ್ಪಷ್ಟವಾಗುವುದು.