5.3ರ ಹೊಟ್ಟೆಯಲ್ಲಿ ಏನಿದೆ?

2024ರ ಡಿಸೆಂಬರ್ 4ರ ಬೆಳಿಗ್ಗೆ ಏಳೂವರೆಯ ಹೊತ್ತಿಗೆ ತೆಲಂಗಾಣದ ಮುಲುಗು ಜಿಲ್ಲೆಯಲ್ಲಿ ನೆಲ ನಡುಗಿತು. ಹೈದರಾಬಾದಿನ ಹಲವು ಬಡಾವಣೆಗಳ ಜನಕ್ಕೂ ಅದು ಗೊತ್ತಾಯಿತು. ಟಿ.ವಿ.ಗಳು ದಿನವಿಡೀ ಒಂದೇ ಅಂಕಿ ಹೇಳಿದವು: 5.3. ಕಿಲೋ ಅಲ್ಲ, ಮೀಟರ್ ಅಲ್ಲ, ಹಿಂದೆ ಮುಂದೆ ಯಾವ ಏಕಮಾನವೂ ಇಲ್ಲದ ಅಂಕಿ. ಅದೊಂದು ಲಾಗ್. ಬಿಡಿಸದ ಹೊರತು ಅದರೊಳಗೆ ಏನಿದೆ ಎಂಬುದು ತಿಳಿಯುವುದಿಲ್ಲ.

ಬಿಡಿಸುವುದನ್ನೇ ಕಸುಬು ಮಾಡಿಕೊಂಡವರು ಹೈದರಾಬಾದಿನ ಮಲ್ಕಾಜ್‌ಗಿರಿಗೆ ದೂರದವರೇನಲ್ಲ. ಅಲ್ಲಿಂದ ಕೆಲವೇ ಕಿಲೋಮೀಟರ್ ಆಚೆ, ಉಪ್ಪಲ್ ರಸ್ತೆಯಲ್ಲಿ, 1961ರಲ್ಲಿ ಶುರುವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಇದೆ. ಮಲ್ಕಾಜ್‌ಗಿರಿಯ ಟ್ಯೂಷನ್ ಮನೆಗಳಲ್ಲಿ ಇಂಟರ್ ಮಕ್ಕಳು ಮಾರ್ಕಿಗಾಗಿ ಬಿಡಿಸುವ ಲಾಗ್ ಸಮೀಕರಣಕ್ಕೂ ಉಪ್ಪಲ್ ರಸ್ತೆಯಲ್ಲಿ ಭೂಕಂಪದ ಲೆಕ್ಕಕ್ಕೆ ಬಳಸುವ ಸಮೀಕರಣಕ್ಕೂ ಬೀಜಗಣಿತದಲ್ಲಿ ಏನೇನೂ ವ್ಯತ್ಯಾಸವಿಲ್ಲ. ಇದನ್ನು ಆ ಮಕ್ಕಳಿಗೆ ಹೇಳುವವರು ಮಾತ್ರ ಕಡಿಮೆ.

ಚಾರ್ಲ್ಸ್ ರಿಕ್ಟರ್ 1935ರಲ್ಲಿ ತನ್ನ ಮಾಪಕವನ್ನು ಪ್ರಕಟಿಸಿದಾಗ ಎದುರಿಗಿದ್ದ ತೊಡಕು ಸರಳ. ಸಣ್ಣ ಕಂಪನಕ್ಕೂ ದೊಡ್ಡ ಕಂಪನಕ್ಕೂ ಅಂತರ ಎಷ್ಟಿತ್ತೆಂದರೆ ಎರಡನ್ನೂ ಒಂದೇ ಹಾಳೆಯಲ್ಲಿ ಗುರುತಿಸಲಾಗುತ್ತಿರಲಿಲ್ಲ. ಲಾಗ್ ತೆಗೆದು ಹಾಕಿ ನೋಡು ಎಂಬ ಸಲಹೆ ಸಹೋದ್ಯೋಗಿ ಬೆನೊ ಗುಟೆನ್‌ಬರ್ಗ್ ಅವರದು. ಮುಂದೆ ಇಬ್ಬರೂ ಸೇರಿ ತೀವ್ರತೆಗೂ ಶಕ್ತಿಗೂ ಗಂಟು ಹಾಕಿದರು. ಇಂದಿನ ಏಕಮಾನದಲ್ಲಿ, ಶಕ್ತಿಯನ್ನು ಜೂಲ್‌ಗಳಲ್ಲಿ ಹಿಡಿದು, ಹತ್ತರ ಆಧಾರದ ಲಾಗ್ ಬಳಸಿದರೆ ಅದು ಹೀಗೆ:

ಲಾಗ್ (ಶಕ್ತಿ) = 4.8 + 1.5 × ತೀವ್ರತೆ

ಈಗ 5.3 ಹಾಕಿ. ಒಂದೂವರೆ ಪಟ್ಟು 7.95, ಅದಕ್ಕೆ 4.8 ಕೂಡಿದರೆ 12.75. ಇಲ್ಲಿಗೇ ಪೆನ್ನು ಕೆಳಗಿಡುವವರು ಬಹಳ. ಕೈಗೆ ಬಂದಿರುವುದು ಶಕ್ತಿಯಲ್ಲ, ಶಕ್ತಿಯ ಲಾಗ್. ಕರ್ನಾಟಕದಲ್ಲಿ ಪಿಯುಸಿ ಓದಿದ ಹಳಬರಿಗೆ ಕ್ಲಾರ್ಕ್ಸ್ ಟೇಬಲ್ ನೆನಪಿರಬೇಕು. ಅದರ ಆಂಟಿಲಾಗ್ ಪುಟದಲ್ಲಿ .75ರ ಎದುರು 5623 ಸಿಗುತ್ತದೆ. ದಶಾಂಶದ ಎಡಕ್ಕಿರುವ 12 ಎಂದರೆ ಹತ್ತರ ಹನ್ನೆರಡನೇ ಘಾತ, ಅಂದರೆ ಲಕ್ಷ ಕೋಟಿ; ಒಟ್ಟು ಸುಮಾರು 5.6 ಲಕ್ಷ ಕೋಟಿ ಜೂಲ್. ಜೂಲ್ ಅಂದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ, ಹಾಗಾಗಿ 36 ಲಕ್ಷದಿಂದ ಭಾಗಿಸಿ ಕರೆಂಟ್ ಬಿಲ್ಲಿನ ಭಾಷೆಗೆ ತರಬಹುದು: ಸುಮಾರು ಹದಿನೈದೂವರೆ ಲಕ್ಷ ಯೂನಿಟ್.

ಬೀದರ್, ಕಲಬುರಗಿ ಕಡೆಯವರು ಮರೆಯದ ಬೆಳಗಿನ ಜಾವ ಇನ್ನೊಂದು: 1993ರ ಸೆಪ್ಟೆಂಬರ್ 30. ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಲಿನ ಹಳ್ಳಿಗಳಲ್ಲಿ ಕಲ್ಲು–ಮಣ್ಣಿನ ಮನೆಗಳು ಕುಸಿದು ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ತೀವ್ರತೆ 6.2. ಮುಲುಗಿನದಕ್ಕಿಂತ 0.9 ಮಾತ್ರ ಹೆಚ್ಚು. ಎರಡೂ ಸಮೀಕರಣಗಳನ್ನು ಒಂದರಿಂದೊಂದು ಕಳೆದರೆ 4.8 ಹಾರಿಹೋಗಿ 1.5 × 0.9, ಅಂದರೆ 1.35 ಉಳಿಯುತ್ತದೆ. ಲಾಗ್‌ಗಳನ್ನು ಕಳೆದರೆ ಒಳಗಿನ ಸಂಖ್ಯೆಗಳು ಭಾಗವಾಗುತ್ತವೆಯಲ್ಲ, ಆಂಟಿಲಾಗ್ ತೆಗೆದಾಗ ಬರುವುದು 22ಕ್ಕಿಂತ ತುಸು ಹೆಚ್ಚು. ಆ 0.9ರಲ್ಲಿ ಅಡಗಿದ್ದದ್ದು 22 ಮುಲುಗು ಭೂಕಂಪಗಳು. ಸಾವಿನ ಸಂಖ್ಯೆಯನ್ನು ಶಕ್ತಿಯೊಂದೇ ನಿರ್ಧರಿಸುವುದಿಲ್ಲ, ನಿಜ. ಮನೆ ಕಟ್ಟಿದ ಬಗೆ, ಕಂಪನ ಹುಟ್ಟಿದ ಆಳ, ಮಲಗಿದ್ದ ಹೊತ್ತು ಎಲ್ಲವೂ ಸೇರುತ್ತವೆ.

ತಿರುಗಿಸಿಯೂ ಕೇಳಬಹುದು: ಶಕ್ತಿ ದುಪ್ಪಟ್ಟಾದರೆ ತೀವ್ರತೆ ಎಷ್ಟು ಏರುತ್ತದೆ? ಅಜ್ಞಾತ ಈಗ ಬಲಬದಿಯಲ್ಲಿದೆ. ಎರಡರ ಲಾಗ್ 0.301, ಅದನ್ನು 1.5ರಿಂದ ಭಾಗಿಸಿದರೆ 0.2. ಒಂದು ಸಂಸ್ಥೆ 5.1 ಎಂದು, ಇನ್ನೊಂದು 5.3 ಎಂದು ವರದಿ ಮಾಡಿದಾಗ ಅಷ್ಟು ಹೆಚ್ಚುಕಡಿಮೆ ಇದ್ದದ್ದೇ ಎಂದು ದಾಟಿಬಿಡುತ್ತೇವೆ. ಅಲ್ಲಿರುವುದು ಒಂದಕ್ಕೆ ಎರಡರಷ್ಟು ವ್ಯತ್ಯಾಸ.

ಮಕ್ಕಳು ಎಡವುವ ಜಾಗವೂ ಇದೇ. 4.8ನ್ನು ಎಡಕ್ಕೆ ತರುವಾಗ ಅದನ್ನು ಲಾಗ್‌ನ ಆವರಣದೊಳಕ್ಕೆ ತಳ್ಳಿ, ಶಕ್ತಿಯಿಂದಲೇ 4.8 ಕಳೆದುಬಿಡುತ್ತಾರೆ. ಲಾಗ್ ಒಂದು ಕ್ರಿಯೆ. ಹೊರಗಿನದನ್ನೆಲ್ಲ ಮೊದಲು ಕಳಚಿ, ಕೊನೆಗೆ ಅದನ್ನು ಬಿಚ್ಚಬೇಕು.

ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಕತೆಯಲ್ಲಿ ಅಜ್ಞಾತವೇ ಬೇರೆ. 1967ರ ಡಿಸೆಂಬರ್ 11ರಂದು ಅಲ್ಲಿ 6.3ರ ಭೂಕಂಪವಾಯಿತು, ಅಣೆಕಟ್ಟಿನ ನೀರೇ ಕಾರಣ ಎಂಬ ವಾದ ಎದ್ದಿತು. ಯಾವುದೇ ಪ್ರದೇಶದಲ್ಲಿ ಭೂಕಂಪಗಳ ಸಂಖ್ಯೆಗೆ ಗುಟೆನ್‌ಬರ್ಗ್–ರಿಕ್ಟರ್ ಜೋಡಿಯದೇ ಇನ್ನೊಂದು ಸೂತ್ರವಿದೆ: ಲಾಗ್ (ಸಂಖ್ಯೆ) = ಎ – ಬಿ × ತೀವ್ರತೆ. 3 ಮೀರಿದವು ಸಾವಿರ, 4 ಮೀರಿದವು ನೂರು ಎಂದಿಟ್ಟುಕೊಳ್ಳಿ. ಒಂದರಿಂದೊಂದು ಕಳೆದರೆ ‘ಎ’ ಮಾಯ, ‘ಬಿ’ಯ ಬೆಲೆ 1. ಜಗತ್ತಿನ ಬಹುಪಾಲು ಕಡೆ ಅದು ಒಂದರ ಆಸುಪಾಸಿನಲ್ಲೇ ಇರುತ್ತದೆ. ಜಲಾಶಯಗಳಿಂದ ಎದ್ದ ಸರಣಿಗಳಲ್ಲಿ ಅದೇ ಪ್ರದೇಶದ ಸಹಜ ಭೂಕಂಪಗಳಿಗಿಂತ ‘ಬಿ’ ಹೆಚ್ಚು ಎಂದು ತೋರಿಸಿದವರಲ್ಲಿ ಹರ್ಷ ಗುಪ್ತಾ ಪ್ರಮುಖರು. ಮುಂದೆ ಅವರು ಉಪ್ಪಲ್ ರಸ್ತೆಯ ಈ ಸಂಸ್ಥೆಗೇ ನಿರ್ದೇಶಕರಾದರು.

ಓದುಗರು ಇನ್ನೊಂದನ್ನು ತಾವೇ ಬಿಡಿಸಲಿ. 2001ರ ಜನವರಿ 26ರ ಭುಜ್ ಭೂಕಂಪವನ್ನು 7.7 ಎಂದು ಹಿಡಿದು, ಅದು ಕಿಲ್ಲಾರಿಯ ಎಷ್ಟು ಪಟ್ಟು ಶಕ್ತಿಯದು ಎಂದು ಲೆಕ್ಕ ಹಾಕಿ. 178 ಬರಬೇಕು.