ಕನ್ನಡ: ವಿಷಯವೋ, ಮಾಧ್ಯಮವೋ? – ಎರಡು ಚಲಚ್ಚಿತ್ರಗಳ ವಿಚಾರ

ಚಲಚ್ಚಿತ್ರಗಳ ಚರ್ಚೆ ಸಾಹಿತ್ಯ ಪತ್ರಿಕೆಗೆ ಒಪ್ಪುವ ಕೆಲಸವಲ್ಲವೆನ್ನುವ ಅಧ್ಯಾಪಕ ಮಿತ್ರರು ಇರಬಹುದು. ಆದರೆ ನಮ್ಮ ವಿದ್ಯಾರ್ಥಿಗಳು ಓದುವ ಕಥೆಗಳಿಗಿಂತ ನೋಡುವ ಕಥೆಗಳೇ ಹೆಚ್ಚಾಗಿರುವಾಗ, ಅವುಗಳ ಗುಣದೋಷಗಳನ್ನು ವಿಚಾರಿಸದೆ ಬಿಡುವುದು ನಮಗೆ ಉಚಿತವಾಗಿ ತೋರುವುದಿಲ್ಲ. ಅದರಲ್ಲಿಯೂ ಇಲ್ಲಿ ಎತ್ತಿಕೊಂಡಿರುವ ಎರಡು ಚಿತ್ರಗಳು ಕಾಸರಗೋಡಿನ ನೆಲದ ನಂಟುಳ್ಳವು. ಒಂದು, ರಿಷಬ್ ಶೆಟ್ಟಿಯವರು ನಿರ್ದೇಶಿಸಿ 2018ರಲ್ಲಿ ತೆರೆಕಂಡ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’, ಇನ್ನೊಂದು, 2025ರ ಜುಲೈಯಲ್ಲಿ ಬಂದ ‘ಸು ಫ್ರಮ್ ಸೋ’. ಇದರ ನಿರ್ದೇಶಕರಾದ ಜೆ. ಪಿ. ತುಮಿನಾಡು ಅವರು ಮಂಜೇಶ್ವರದ ಕಡೆಯ ಊರನ್ನು ತಮ್ಮ ಹೆಸರಿನಲ್ಲಿಯೇ ಹೊತ್ತವರು.

ಶಾಲೆಯಲ್ಲಿ ಕನ್ನಡವು ಒಂದು ವಿಷಯವಾಗಿರಬಹುದು, ಇಲ್ಲವೆ ಎಲ್ಲ ವಿಷಯಗಳಿಗೂ ಮಾಧ್ಯಮವಾಗಿರಬಹುದು. ಇವೆರಡರ ಅಂತರವನ್ನು ಗಡಿನಾಡಿನ ಅಧ್ಯಾಪಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಅಂತರವೇ ಚಿತ್ರಗಳಲ್ಲಿಯೂ ಇದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯ ಚಿತ್ರದ ಕಥೆ ನಮ್ಮದೇ ಕಥೆ. ಕನ್ನಡ ಶಾಲೆಗೆ ಕನ್ನಡವರಿಯದ ಮಲಯಾಳಿ ಅಧ್ಯಾಪಕರೊಬ್ಬರು ಗಣಿತ ಕಲಿಸಲು ಬರುತ್ತಾರೆ. ಮುಂದೆ ಶಾಲೆಯನ್ನೇ ಮುಚ್ಚುವ ಸಂದರ್ಭ ಒದಗುತ್ತದೆ. ಮೈಸೂರಿನಿಂದ ಬಂದ ಅನಂತಪದ್ಮನಾಭರು ನ್ಯಾಯಾಲಯದಲ್ಲಿ ಶಾಲೆಯ ಪರವಾಗಿ ವಾದಿಸುತ್ತಾರೆ. 2018ನೆಯ ಸಾಲಿನ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ತರಗತಿಯ ತುಂಟತನ, ಹುಡುಗರ ಜಗಳ, ಎಳೆಯ ಮನಸ್ಸಿನ ಒಲವುಗಳನ್ನು ತೋರಿಸುವಾಗ ಚಿತ್ರವು ಅತ್ಯಂತ ಸಹಜವಾಗಿದೆ. ಅಲ್ಲಿ ಕನ್ನಡವು ಮಾಧ್ಯಮ. ಮಕ್ಕಳು ಅದರಲ್ಲಿ ಬದುಕುತ್ತಾರೆ. ನ್ಯಾಯಾಲಯದ ದೃಶ್ಯಕ್ಕೆ ಬಂದೊಡನೆ ಕನ್ನಡವು ವಿಷಯವಾಗಿಬಿಡುತ್ತದೆ. ಅನಂತನಾಗ್ ಅವರ ಅಭಿನಯದ ಬಲದಿಂದ ಆ ದೀರ್ಘ ಭಾಷಣ ಬೇಸರ ತರುವುದಿಲ್ಲವೆಂಬುದು ನಿಜ. ಮಾತೃಭಾಷೆಯ ಶಿಕ್ಷಣದ ಬಗೆಗೆ ಅಲ್ಲಿ ಬರುವ ಮಾತುಗಳನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಮಕ್ಕಳ ಚಿತ್ರದಲ್ಲಿ, ಮಕ್ಕಳ ಶಾಲೆಯ ಅಳಿವು ಉಳಿವುಗಳು ತೀರ್ಮಾನವಾಗುವ ಗಳಿಗೆಯಲ್ಲಿ, ಮಾತೆಲ್ಲವೂ ಹೊರಗಿನಿಂದ ಬಂದ ಹಿರಿಯರೊಬ್ಬರ ಪಾಲಾದುದು ಕೊರತೆಯೇ ಸರಿ. ಗಣಿತದ ತರಗತಿಯಲ್ಲಿ ಅರ್ಥವಾಗದೆ ಕುಳಿತ ಒಬ್ಬ ಹುಡುಗನ ಮುಖವು ಭಾಷಣಕ್ಕಿಂತ ಬಲವಾದ ಸಾಕ್ಷ್ಯವಾಗಬಲ್ಲುದು.

‘ಸು ಫ್ರಮ್ ಸೋ’ ಭಾಷೆಯ ಚಿತ್ರವೆಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಕರಾವಳಿಯ ಹಳ್ಳಿಯೊಂದರ ತರುಣ ಅಶೋಕನಿಗೆ ಸೋಮೇಶ್ವರದ ಸುಲೋಚನೆಯೆಂಬವಳ ಪ್ರೇತ ಹಿಡಿದಿದೆಯೆಂದು ಊರೆಲ್ಲ ನಂಬುವುದು, ಆ ನಂಬಿಕೆಯಿಂದ ಹುಟ್ಟುವ ಗೊಂದಲ – ಇಷ್ಟೇ ಕಥಾವಸ್ತು. ಆದರೆ ಊರವರ ಬಾಯಲ್ಲಿ ‘ಎಂತ’, ‘ಉಂಟು’, ‘ಮಾರಾಯ’ ಎಂಬ ನುಡಿಗಳು ಉಸಿರಿನಷ್ಟು ಸಲೀಸಾಗಿ ಬರುತ್ತವೆ. ಹಿಂದೆ ಅನೇಕ ಚಿತ್ರಗಳಲ್ಲಿ ಈ ಮಾತು ಹಾಸ್ಯಪಾತ್ರಕ್ಕೆ ಮೀಸಲಾಗಿತ್ತು. ಮಾತನಾಡುವವನನ್ನು ಕಂಡು ನಗುವುದಿತ್ತು. ಇಲ್ಲಿ ರವಿಯಣ್ಣನ ಗಾಂಭೀರ್ಯಕ್ಕೂ ಭಯಕ್ಕೂ ಕರುಣೆಗೂ ಅದೇ ಮಾತು ಸಾಕಾಗುತ್ತದೆ. ಕನ್ನಡದ ಪರವಾಗಿ ಒಂದು ವಾಕ್ಯವನ್ನೂ ಆಡದೆ ಈ ಚಿತ್ರವು ಕನ್ನಡದ ಕೆಲಸ ಮಾಡಿದೆ. 2025ರ ಆಗಸ್ಟಿನಲ್ಲಿ ಇದು ಮಲಯಾಳಕ್ಕೆ ಡಬ್ ಆಗಿ ಕೇರಳದಲ್ಲಿ ತೆರೆಕಂಡಿತು. ಕಥೆ ಗಡಿ ದಾಟುತ್ತದೆ; ಮಾತಿನ ಬನಿ ದಾಟುವುದು ಕಷ್ಟ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು ಇದನ್ನು ಇತರರಿಗಿಂತ ಬೇಗ ಗುರುತಿಸಿಯಾರು.

ಆದರೂ ಈ ಚಿತ್ರಕ್ಕೆ ಪೂರ್ಣ ಅಂಕಗಳನ್ನು ಕೊಡಲು ನಮಗೆ ಮನಸ್ಸು ಬರುವುದಿಲ್ಲ. ಕುಡಿತದ ನಗೆ ಅಳತೆ ಮೀರಿದೆ. ಅದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ. ಸತ್ತ ಸುಲೋಚನೆಯ ಹೆಸರಿನಲ್ಲಿ ಊರಿನ ಗಂಡಸರೆಲ್ಲ ಮಾತನಾಡುತ್ತಾರೆ. ಬದುಕಿರುವ ಅವಳ ಮಗಳು ಭಾನು ತಡವಾಗಿ ಬರುತ್ತಾಳೆ, ಅವಳ ಪಾಲಿಗೆ ಸಿಗುವ ಮಾತು ಕಡಿಮೆ. ನಗೆಯ ಕಥೆಯು ಒಬ್ಬ ಹೆಣ್ಣಿನ ಸಂಕಟದತ್ತ ತಿರುಗುವುದು ಚಿತ್ರದ ಹಿರಿಮೆ. ಆ ಸಂಕಟವನ್ನು ಅವಳ ಬಾಯಿಂದಲೇ ಕೇಳಿಸಿದ್ದರೆ ಹಿರಿಮೆ ಇನ್ನೂ ಹೆಚ್ಚುತ್ತಿತ್ತು. ಅಲ್ಲಿ ಮಕ್ಕಳು, ಇಲ್ಲಿ ಹೆಣ್ಣು: ಯಾರ ಕಥೆಯೋ ಅವರಿಗೇ ಮಾತಿಲ್ಲದಿರುವುದು ಎರಡು ಚಿತ್ರಗಳಿಗೂ ಸಮಾನವಾದ ದೋಷ. ಭಾಷೆಯು ಮಾಧ್ಯಮವಾಯಿತೆಂದು ಹೇಳಬೇಕಾದರೆ ಅದು ಎಲ್ಲರ ಬಾಯಿಗೂ ದಕ್ಕಬೇಕು.

ಇದರಲ್ಲಿ ಅಧ್ಯಾಪಕರಾದ ನಮಗೂ ಪಾಠವಿದೆ. ಮಗು ಬರೆದ ‘ಉಂಟು’ ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದು ‘ಇದೆ’ ಎಂದು ತಿದ್ದುವ ಅಭ್ಯಾಸ ಅನೇಕ ಶಾಲೆಗಳಲ್ಲಿದೆ. ‘ಉಂಟು’ ತಪ್ಪು ಶಬ್ದವಲ್ಲ. ಹಳೆಯ ಕಾವ್ಯಗಳಲ್ಲಿಯೂ ಬಂದಿರುವ ಶುದ್ಧ ಕನ್ನಡ. ಪರೀಕ್ಷೆಯ ಉತ್ತರಕ್ಕೆ ಗ್ರಂಥಭಾಷೆ ಬೇಕು, ಅದನ್ನು ಕಲಿಸೋಣ. ಆದರೆ ಈ ಚಿತ್ರಗಳನ್ನು ನೋಡಿ ಬಂದ ಮಕ್ಕಳಿಂದ, ತಮಗೆ ಕಂಡ ಗುಣದೋಷಗಳನ್ನು ಮನೆಯ ಮಾತಿನಲ್ಲಿ ಒಂದು ಪುಟ ಬರೆಯಿಸಿ ನೋಡಬೇಕೆಂದು ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ. ನಮ್ಮ ಅಭಿಪ್ರಾಯವನ್ನು ಅವರು ಒಪ್ಪದಿದ್ದರೆ ಇನ್ನೂ ಒಳ್ಳೆಯದು.