ರೂಪಕವೋ, ಭ್ರಾಂತಿಯೋ? – ನೂತನ ಬೋಧನೋಪಕರಣವೊಂದರ ವಿಮರ್ಶೆ

ನಮ್ಮ ಆಲಂಕಾರಿಕರು ರೂಪಕಕ್ಕೂ ಭ್ರಾಂತಿಮದಲಂಕಾರಕ್ಕೂ ಸೂಕ್ಷ್ಮವಾದ ಭೇದವನ್ನು ಕಲ್ಪಿಸಿದ್ದಾರೆ. ಕವಿಯು ತಿಳಿದೂ ತಿಳಿದೂ ಮುಖದ ಮೇಲೆ ಚಂದ್ರನನ್ನು ಆರೋಪಿಸಿದರೆ ಅದು ರೂಪಕ. ಚಕೋರವು ಮುಖವನ್ನೇ ಚಂದ್ರನೆಂದು ನಂಬಿ ಹಾರಿಬಂದರೆ ಅದು ಭ್ರಾಂತಿ. ಮೊದಲನೆಯದರಲ್ಲಿ ಮುಖವು ಮರೆಯಾಗುವುದಿಲ್ಲ, ಎರಡನೆಯದರಲ್ಲಿ ಮರೆಯಾಗುತ್ತದೆ. ಇಂದು ವಿದ್ಯಾಕ್ಷೇತ್ರವನ್ನು ಪ್ರವೇಶಿಸುತ್ತಿರುವ ‘ಆಗ್ಮೆಂಟೆಡ್ ರಿಯಾಲಿಟಿ’ಯನ್ನು ಅಳೆಯಲು ಈ ಹಳೆಯ ಮಾನದಂಡವೇ ಸಾಕು.

ಇದರ ಸ್ವರೂಪ ಸರಳವಾದುದು. ಫೋನಿನ ಕ್ಯಾಮೆರಾದ ಮೂಲಕ ಎದುರಿನ ವಸ್ತುವನ್ನು ನೋಡುವಾಗ ಅದರ ಮೇಲೆ ಚಿತ್ರ, ರೇಖೆ, ಅಕ್ಷರಗಳು ಮೂಡುತ್ತವೆ. ಅಮೆರಿಕೆಯ ಐವನ್ ಸದರ್‌ಲೆಂಡ್ 1968ರಲ್ಲಿಯೇ ತಲೆಗೆ ಧರಿಸುವ ಇಂತಹ ದರ್ಶಕವೊಂದನ್ನು ಲೋಕಕ್ಕೆ ಪರಿಚಯಿಸಿದರು. ಬೋಯಿಂಗ್ ಸಂಸ್ಥೆಯ ಕಾಡೆಲ್ ಮತ್ತು ಮೈಜೆಲ್ 1992ರ ಪ್ರಬಂಧದಲ್ಲಿ, ವಿಮಾನ ಕಟ್ಟುವ ಕೆಲಸಗಾರನ ಕಣ್ಣೆದುರಿಗೇ ಸೂಚನೆಗಳನ್ನು ಮೂಡಿಸುವ ಬಗೆಯನ್ನು ವಿವರಿಸಿದರು. ಅಲ್ಲಿ ತಂತಿಯೂ ನಿಜ, ಕೈಯೂ ನಿಜ, ಸೂಚನೆಯೊಂದೇ ಆರೋಪ.

ಈಗ ಮಕ್ಕಳಿಗೆ ತೋರಿಸುವ ಪ್ರದರ್ಶನಗಳಲ್ಲಿ ಮೇಜಿನ ಮೇಲೆ ಹುಲಿಯೊಂದು ಬಂದು ನಿಲ್ಲುವುದುಂಟು. ಮಕ್ಕಳು ಬೆರಗಾಗುತ್ತಾರೆ, ನಿಜ. ಆದರೆ ಹುಲಿಗೂ ಮೇಜಿಗೂ ಏನು ಸಂಬಂಧ? ಆಧಾರವಿಲ್ಲದ ಆರೋಪವು ಕಾವ್ಯದಲ್ಲಿ ಹೇಗೋ ಪಾಠದಲ್ಲಿಯೂ ಹಾಗೆಯೇ ದೋಷ.

ನಮ್ಮ ಗಡಿನಾಡಿನಲ್ಲಿ ಆಧಾರಕ್ಕೆ ಕೊರತೆಯಿಲ್ಲ. ಮಕ್ತಲ್ ಸೀಮೆಯ ಕೃಷ್ಣಾತೀರದ ಮುಡುಮಾಲದಲ್ಲಿ ಪ್ರಾಗೈತಿಹಾಸಿಕ ನಿಲುವುಗಲ್ಲುಗಳಿವೆ. 2025ರಲ್ಲಿ ಅವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಅಲ್ಲಿನ ಒಂದು ಕಲ್ಲಿನ ಮೇಲಿನ ಗುಳಿಗಳಲ್ಲಿ ವಿದ್ವಾಂಸರು ಸಪ್ತರ್ಷಿಮಂಡಲವನ್ನು ಗುರುತಿಸಿದ್ದಾರೆ. ಆ ಗುಳಿಗಳ ಮೇಲೆ ನಕ್ಷತ್ರಗಳನ್ನು ಮೂಡಿಸಿದರೆ ಅದು ಸಾರ್ಥಕವಾದ ರೂಪಕ. ಗದ್ವಾಲ ಜಿಲ್ಲೆಯ ಆಲಂಪುರದಲ್ಲಿ ಇಂದು ನಾವು ಕಾಣುವ ಕೂಡವೆಲ್ಲಿ ಸಂಗಮೇಶ್ವರ ಗುಡಿಯು ಮೊದಲು ಕೃಷ್ಣಾ–ತುಂಗಭದ್ರಾ ಸಂಗಮದಲ್ಲಿತ್ತು. ಶ್ರೀಶೈಲ ಜಲಾಶಯದ ಕಾರಣದಿಂದ ಕಲ್ಲುಕಲ್ಲಾಗಿ ಬಿಚ್ಚಿ ತಂದು ಕಟ್ಟಿದರು. ಆ ಗೋಡೆಗಳ ಹಿಂದೆ ಹಳೆಯ ಹೊಳೆದಂಡೆಯನ್ನು ತೋರಿಸಬಹುದು. ಗದ್ವಾಲ ಸೀರೆಯ ಹತ್ತಿಯ ಒಡಲಿಗೂ ರೇಷ್ಮೆಯ ಅಂಚಿಗೂ ಎಳೆ ಎಳೆಯಾಗಿ ಕೊಂಡಿ ಬೀಳುವ ಕೌಶಲವನ್ನು, ಮಗ್ಗಕ್ಕೆ ಹೊಸದಾಗಿ ಕುಳಿತವನಿಗೆ, ಮಗ್ಗದ ಮೇಲೆಯೇ ದೊಡ್ಡದು ಮಾಡಿ ಕಾಣಿಸಬಹುದು. ನಾರಾಯಣಪೇಟೆಯ ನೇಕಾರರಿಗೂ ಇದು ಒಪ್ಪುವ ಮಾತು. ಆದರೆ ಎಳೆಯ ಬಿಗುವನ್ನು ಬೆರಳೇ ಕಲಿಯಬೇಕು; ಅದನ್ನು ಯಾವ ಚಿತ್ರವೂ ಕಲಿಸಲಾರದು.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ: ವಸ್ತುವಿನ ಮೇಲೆ ಮೂಡುವ ಮಾತು ಯಾವ ಭಾಷೆಯದು? ತೆಲುಗಿನ ನೆರೆಯಲ್ಲಿ ಬೆಳೆದು ಕನ್ನಡದಲ್ಲಿ ಓದುವ ಮಗುವಿಗೆ ಕಲ್ಲಿನ ಮೇಲೆ ‘ಮೆನ್‌ಹಿರ್’ ಎಂದಷ್ಟೇ ಕಂಡರೆ, ತನ್ನೂರ ಕಲ್ಲೇ ಪರದೇಶಿಯಾಗುತ್ತದೆ. ನಿಲುವುಗಲ್ಲು, ಲಾಳಿ, ಹಾಸು, ಹೊಕ್ಕು, ಸೆರಗು – ಈ ಮಾತುಗಳು ಅಲ್ಲಿ ಮೂಡಬೇಕು. ಯಂತ್ರವನ್ನು ದೂರದ ನಗರದವರು ರಚಿಸಬಹುದು. ಈ ಮಾತುಗಳನ್ನು ಕೂಡಿಸಿ ಕೊಡಬಲ್ಲವರು ಗಡಿನಾಡಿನ ಉಪಾಧ್ಯಾಯರೇ. ಆ ಪದಸಂಗ್ರಹಕ್ಕೆ ಫೋನು ಬರುವವರೆಗೆ ಕಾಯಬೇಕಾದುದಿಲ್ಲ. ಒಂದು ನೋಟುಬುಕ್ಕು ಸಾಕು.

ಒಳ್ಳೆಯ ಟೀಕೆ ಓದುಗನನ್ನು ಮರಳಿ ಪದ್ಯಕ್ಕೇ ಕಳುಹಿಸುತ್ತದೆ. ಈ ಉಪಕರಣಕ್ಕೂ ಅದೇ ಪರೀಕ್ಷೆ. ಫೋನನ್ನು ಕೆಳಗಿಟ್ಟ ಮೇಲೆ ಮಗು ಬರಿಗಣ್ಣಿನಿಂದಲೇ ಆ ಗುಳಿಗಳಲ್ಲಿ ಸಪ್ತರ್ಷಿಗಳನ್ನು ಎಣಿಸಿದರೆ ಪಾಠ ಫಲಿಸಿತು. ಪರದೆಯನ್ನೇ ಮತ್ತೆ ಬೇಡಿದರೆ, ಅದು ಚಕೋರದ ಭ್ರಾಂತಿಯೇ ಸರಿ.